ಎರಡು ರಿಜಿಸ್ಟರಿನ ಕೊಡೆರಾಯರು

ಬೆಳಿಗ್ಗೆ ಒಂಬತ್ತು ಗಂಟೆಗೆ ಬಂದ ಒಂದು ಕಾಗದ ಕೊಡೆರಾಯರಿಗೆ ಆ ದಿನದ ಚಹಾ ಕುಡಿಯಗೊಡಲಿಲ್ಲ. ಕಾಗದದಲ್ಲಿ ಇದ್ದದ್ದು ಎರಡೇ ಸಾಲು. "ತಪಾಸಣಾಧಿಕಾರಿಗಳು ಇಂದು ಮಧ್ಯಾಹ್ನ ಮೂರಕ್ಕೆ ತಮ್ಮ ವಿಭಾಗಕ್ಕೆ ಖುದ್ದಾಗಿ ಬರುತ್ತಾರೆ. ಲಾಸ್ಟ್ ಮತ್ತು ಮಿಸ್ಸಿಂಗ್ ಎಂಬ ಎರಡು ಪದಗಳಿಗೆ ಇರುವ ವ್ಯತ್ಯಾಸದ ಬಗ್ಗೆ ತಮ್ಮನ್ನು ವಿಚಾರಿಸುತ್ತಾರೆ." ಕೆಳಗೆ ಎರೆಹುಳದಂಥ ಒಂದು ಸಹಿ. ಅಷ್ಟೇ.

ಕೊಡೆರಾಯರು ಅಂದರೆ ಬಸ್ ನಿಲ್ದಾಣದಲ್ಲಿ ಜನ ಬಿಟ್ಟುಹೋದ ಸಾಮಾನುಗಳನ್ನು ಕಾಯುವ ಗುಮಾಸ್ತರು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಏಳನೇ ಪ್ಲಾಟ್‌ಫಾರಂ ಹಿಂದೆ, ಹಳೇ ಟೈರುಗಳ ಗೋದಾಮಿಗೆ ಅಂಟಿಕೊಂಡ ಹಾಗೆ ಅವರ ಕೋಣೆ. ಅದಕ್ಕೆ ಕಿಟಕಿ ಒಂದೇ, ಅದೇ ಕೌಂಟರು. ಒಳಗೆ ನೆಲದಿಂದ ಸೂರಿನವರೆಗೆ ಕಪಾಟುಗಳು. ಕಪಾಟುಗಳಲ್ಲಿ ನೂರಾ ನಲವತ್ತು ಕೊಡೆಗಳು, ಜೋಡಿ ತಪ್ಪಿದ ಬೂಟುಗಳು, ಕನ್ನಡಕಗಳು, ಒಂದು ಹಿತ್ತಾಳೆ ತುತ್ತೂರಿ, ಎಂಟು ಹಲ್ಲಿನ ಸೆಟ್ಟುಗಳು. ಕೊಡೆಗಳ ನಡುವೆ ಇಡೀ ದಿನ ಕೂತವರನ್ನು ಕೊಡೆರಾಯರು ಅನ್ನದೆ ಇನ್ನೇನು ಅನ್ನಬೇಕು, ನೀವೇ ಹೇಳಿ.

ಈ ವಿಭಾಗಕ್ಕೆ ಒಂಬತ್ತು ವರ್ಷದ ಹಿಂದೆ ಕೇಂದ್ರ ಕಚೇರಿಯಿಂದ ಎರಡು ದಪ್ಪ ರಿಜಿಸ್ಟರು ಬಂದವು. ಒಂದರ ರಟ್ಟಿನ ಮೇಲೆ ಲಾಸ್ಟ್ ಅಂತ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು, ಇನ್ನೊಂದರ ಮೇಲೆ ಮಿಸ್ಸಿಂಗ್ ಅಂತ. ಯಾವ ಸಾಮಾನು ಯಾವುದರಲ್ಲಿ ಬರೆಯಬೇಕು ಅಂತ ಯಾರೂ ಹೇಳಲಿಲ್ಲ. ಕೇಳಿದರೆ ಇದೂ ಗೊತ್ತಿಲ್ಲವೇ ಅಂದಾರು ಅಂತ ಕೊಡೆರಾಯರೂ ಕೇಳಲಿಲ್ಲ. ಒಂದು ಮಧ್ಯಾಹ್ನ ಕೂತು ಯೋಚನೆ ಮಾಡಿ ತಾವೇ ಒಂದು ಕಾನೂನು ಮಾಡಿಕೊಂಡರು. ಹಿಡಿ ಇರುವ ಸಾಮಾನೆಲ್ಲ ಮಿಸ್ಸಿಂಗ್, ಹಿಡಿ ಇಲ್ಲದ್ದೆಲ್ಲ ಲಾಸ್ಟ್. ಕೊಡೆ, ಕೈಚೀಲ, ಊರುಗೋಲು ಮಿಸ್ಸಿಂಗಿಗೆ ಹೋದವು. ಕನ್ನಡಕ, ಬೂಟು, ಹಲ್ಲು ಲಾಸ್ಟಿಗೆ. ಒಮ್ಮೆ ಒಂದು ಸೂಟ್‌ಕೇಸಿನ ಹಿಡಿ ಇಲ್ಲಿ ಬಂದ ಮೇಲೆ ಕಿತ್ತುಹೋಯಿತು. ಕೊಡೆರಾಯರು ಅದನ್ನು ಮಿಸ್ಸಿಂಗಿನಲ್ಲಿ ಹೊಡೆದುಹಾಕಿ ಲಾಸ್ಟಿಗೆ ವರ್ಗ ಮಾಡಿದರು. ಅಷ್ಟು ಪ್ರಾಮಾಣಿಕ ಮನುಷ್ಯ.

ಬರೆಯುವುದು ದೊಡ್ಡ ಕೆಲಸವಲ್ಲ. ಕಷ್ಟ ಇದ್ದದ್ದು ಸಂಜೆ. ಐದಕ್ಕೆ ಕೌಂಟರು ಮುಚ್ಚಿದ ಮೇಲೆ ಎರಡೂ ರಿಜಿಸ್ಟರುಗಳನ್ನು ಅಕ್ಕಪಕ್ಕ ಬಿಚ್ಚಿಟ್ಟು, ಬಿಡಿಸಿಕೊಂಡು ಹೋಗದ ಪ್ರತಿಯೊಂದು ಸಾಮಾನನ್ನೂ ಜೋರಾಗಿ ಓದಿ ತಾಳೆ ನೋಡಬೇಕು. ಆಮೇಲೆ ಒಂದು ಪ್ರಮಾಣಪತ್ರ: "ಇದರಲ್ಲಿ ಇರುವುದು ಅದರಲ್ಲಿ ಇಲ್ಲವೆಂದೂ, ಎರಡಕ್ಕೂ ಇರುವ ವ್ಯತ್ಯಾಸವನ್ನು ನಾನು ಬಲ್ಲೆನೆಂದೂ ಈ ಮೂಲಕ ದೃಢೀಕರಿಸುತ್ತೇನೆ." ಅದಕ್ಕೊಂದು ಸಹಿ. ಇಷ್ಟು ಮುಗಿಯುವಾಗ ಆರು ಗಂಟೆ.

ಆ ಒಂದು ಗಂಟೆಯೇ ಕೊಡೆರಾಯರ ಸಂಸಾರವನ್ನು ನುಂಗಿ ನೀರು ಕುಡಿದಿತ್ತು. ಅವರ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು, ಯಾವಾಗಲೂ ರಾತ್ರಿ ಪಾಳಿ. ಕೊಡೆರಾಯರು ಆರೂ ಐದರ ಬಸ್ಸು ಹಿಡಿದು ಆರೂವರೆಗೆ ಮನೆ ಹತ್ತಿರ ಇಳಿಯುತ್ತಿದ್ದರು. ಅದೇ ಬಸ್ಸಿಗೆ ಆಕೆ ಹತ್ತುತ್ತಿದ್ದರು. ಬೆಳಿಗ್ಗೆ ಆಕೆ ಬರುವಷ್ಟರಲ್ಲಿ ಇವರು ಹೊರಟಾಗಿರುತ್ತಿತ್ತು. ಇವರ ರಜೆ ಭಾನುವಾರ, ಆಕೆಯದು ಬುಧವಾರ, ಎರಡೂ ದಿನ ಆಕೆಯ ಬಾಕಿ ನಿದ್ದೆಗೇ ಹೋಗುತ್ತಿತ್ತು. ಗಂಡ ಹೆಂಡತಿಗೆ ಮಾತಾಡಲು ಸಿಗುತ್ತಿದ್ದದ್ದು ಬಸ್ಸಿನ ಮೆಟ್ಟಿಲ ಬಳಿ ಅರ್ಧ ನಿಮಿಷ. ಅಷ್ಟರಲ್ಲಿ "ಗ್ಯಾಸ್ ಬಂತಾ?", "ಬಂತು", "ಮಾತ್ರೆ ತಗೊಂಡ್ರಾ?", "ಹ್ಞೂಂ" ಆಗಿ ಕಂಡಕ್ಟರು ಸೀಟಿ ಊದಿಬಿಡುತ್ತಿದ್ದ.

"ಏನ್ರೀ ಅದು, ಎರಡೆರಡು ಪುಸ್ತಕ? ಎರಡಕ್ಕೂ ಏನು ವ್ಯತ್ಯಾಸ?" ಅಂತ ಆಕೆ ಒಮ್ಮೆ ಮೆಟ್ಟಿಲ ಮೇಲೆ ನಿಂತು ಕೇಳಿದ್ದರು.

"ದೇವರಾಣೆಗೂ ನಂಗೊತ್ತಿಲ್ಲ ಕಣೇ" ಅಂದಿದ್ದರು ಕೊಡೆರಾಯರು.

ಒಂದು ರಿಜಿಸ್ಟರು ಕಡಿಮೆಯಾದರೆ ತಾಳೆ ನೋಡುವ ಕೆಲಸವೇ ಇಲ್ಲ. ಐದೂ ಹತ್ತರ ಬಸ್ಸು ಸಿಗುತ್ತದೆ. ಮನೆಯಲ್ಲಿ ಹೆಂಡತಿಯ ಎದುರು ಕೂತು ಒಂದು ಗಂಟೆ ಮಾತಾಡಬಹುದು. ಹತ್ತೊಂಬತ್ತು ವರ್ಷ ಸಂಸಾರ ಮಾಡಿದ ಕೊಡೆರಾಯರಿಗೆ ಜೀವನದಲ್ಲಿ ಉಳಿದಿದ್ದ ಆಸೆ ಅದೊಂದೇ. ಈಗ ನೋಡಿದರೆ ಈ ಕಾಗದ.

ಕಾಗದ ಹಿಡಿದು ಅವರು ಓಡಿದ್ದು ನಿಲ್ದಾಣದ ಮೇಲ್ವಿಚಾರಕರ ಕೋಣೆಗೆ.

"ಸಾರ್, ಎರಡೂ ಒಂದೇ ಅಂದುಬಿಟ್ರೆ ಒಂದನ್ನ ಮುಚ್ಚಿಬಿಡಬಹುದೇನೋ, ಅಲ್ವಾ?" ಅಂದರು ಆಸೆಯಿಂದ.

ಮೇಲ್ವಿಚಾರಕರು ಮೂವತ್ತು ವರ್ಷ ನೌಕರಿ ಮಾಡಿ ಪಳಗಿದವರು. ಕಾಗದವನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, "ತಲೆ ಸರಿ ಇದೆಯೇನ್ರೀ ನಿಮಗೆ?" ಅಂದರು. "ಕೇಂದ್ರ ಕಚೇರಿಯವರು ರಿಜಿಸ್ಟರ್ ತೆರೆದದ್ದು ನೋಡಿದ್ದೀನಿ, ಮುಚ್ಚಿದ್ದು ನೋಡಿಲ್ಲ. ಇದು ನಿಮ್ಮನ್ನ ಹಿಡಿಯೋಕೆ ಹಾಕಿರೋ ಬಲೆ. ದಿನಾ ಸಂಜೆ ಏನಂತ ಸಹಿ ಹಾಕ್ತೀರಿ? ವ್ಯತ್ಯಾಸ ಬಲ್ಲೆ ಅಂತ. ಈಗ ವ್ಯತ್ಯಾಸವೇ ಇಲ್ಲ ಅಂದ್ರೆ ಒಂಬತ್ತು ವರ್ಷದ ಸಹಿಯೆಲ್ಲ ಸುಳ್ಳು. ವರ್ಷಕ್ಕೆ ಮುನ್ನೂರು ಅಂದ್ರೂ ಎರಡು ಸಾವಿರದ ಏಳುನೂರು ಸುಳ್ಳು ಪ್ರಮಾಣಪತ್ರ! ಒಂದು ಸುಳ್ಳಿಗೇ ಜನ ಮನೆಗೆ ಹೋಗಿದ್ದಾರೆ ಕಣ್ರೀ."

 ಮನೆಗೆ ಬೇಗ ಹೋಗಬೇಕು ಅಂತ ಕೊಡೆರಾಯರಿಗೆ ಆಸೆಯೇನೋ ಇತ್ತು. ಆದರೆ ಹೀಗಲ್ಲ.

"ಹಾಗಾದ್ರೆ ಏನ್ ಮಾಡ್ಲಿ ಸಾರ್?"

"ಮೂರು ಗಂಟೆ ಒಳಗೆ ವ್ಯತ್ಯಾಸ ಹುಡುಕಿ. ಇಲ್ಲದಿದ್ರೆ ಹುಟ್ಟಿಸಿ. ನನ್ನ ಹೆಸರು ಮಾತ್ರ ಎಲ್ಲೂ ಎತ್ತಬೇಡಿ."

ಕೋಣೆಗೆ ವಾಪಸ್ಸು ಬರುವಷ್ಟರಲ್ಲಿ ಸುದ್ದಿ ನಿಲ್ದಾಣವೆಲ್ಲ ಹಬ್ಬಿತ್ತು. ಟಿಕೆಟ್ ಕೊಡುವ ಹೆಂಗಸು, ಎಲ್ಲರ ಬಾಯಲ್ಲಿ ಟಿಕೆಟ್ಟಕ್ಕ, ತನ್ನ ಕಿಟಕಿಗೆ 'ಈಗ ಬಂದೆ' ಅನ್ನುವ ಹಲಗೆ ನೇತುಹಾಕಿ ಆಗಲೇ ಬಂದು ನಿಂತಿದ್ದಳು. ಇನ್ನೊಬ್ಬರ ಕಷ್ಟ ಅಂದರೆ ಅವಳಿಗೆ ಊಟ ತಿಂಡಿ ಬೇಡ.

"ಅಯ್ಯೋ, ಇಷ್ಟೇನಾ? ಡಿಕ್ಷನರಿ ನೋಡಿ ರಾಯರೇ!"

"ಡಿಕ್ಷನರಿ ಎಲ್ಲಿಂದ ತರ್ಲಿ ತಾಯಿ?"

"ಅಗೋ ಅಲ್ಲೇ ಇದೆಯಲ್ಲ, ಬೂಟಿನ ಪಕ್ಕ."

ನಿಜ, ಕಪಾಟಿನಲ್ಲಿ ಯಾರೋ ಬಿಟ್ಟುಹೋದ ದಪ್ಪ ಇಂಗ್ಲಿಷ್ ನಿಘಂಟು ಇತ್ತು. ಆದರೆ ಬಿಟ್ಟುಹೋದ ಸಾಮಾನನ್ನು ಬಳಸುವುದು ನಿಯಮಕ್ಕೆ ವಿರುದ್ಧ. ಅದಕ್ಕೆ ದಾರ ಕಟ್ಟಿ ಅರಗು ಒತ್ತಿ ಒಂಬತ್ತು ವರ್ಷ ಕಾಪಾಡಿದವರು ಕೊಡೆರಾಯರೇ. ಅವರು ಬೇಡ ಬೇಡ ಅನ್ನುತ್ತಿರುವಾಗಲೇ ಟಿಕೆಟ್ಟಕ್ಕ ಅರಗು ಕಿತ್ತು, ಪುಟ ಮಗುಚಿ, ಬೆರಳಿಟ್ಟಳು. ಲಾಸ್ಟ್ ಅನ್ನುವುದರ ಎದುರು 'ಮಿಸ್ಸಿಂಗ್ ಆದದ್ದು' ಅನ್ನುವ ಅರ್ಥದ ಮಾತಿತ್ತು. ಇಬ್ಬರೂ ಉಸಿರು ಬಿಗಿಹಿಡಿದು ಮಿಸ್ಸಿಂಗ್ ಹುಡುಕಿದರು. ಅಲ್ಲಿ 'ಲಾಸ್ಟ್ ಆದದ್ದು' ಅಂತಿತ್ತು.

"ಥೂ, ಇವನ್ಯಾರೋ ನಮ್ಮ ಕೇಂದ್ರ ಕಚೇರಿಯವನೇ ಬರೆದಿರಬೇಕು" ಅಂದಳು ಟಿಕೆಟ್ಟಕ್ಕ.

"ಕನ್ನಡದಲ್ಲಿ ನೋಡೋಣ" ಅಂದರು ಕೊಡೆರಾಯರು ಹಣೆ ಒತ್ತಿಕೊಂಡು. "ಲಾಸ್ಟ್ ಅಂದ್ರೆ ಕಳೆದುಹೋದದ್ದು. ಮಿಸ್ಸಿಂಗ್ ಅಂದ್ರೆ ಕಾಣೆಯಾದದ್ದು."

"ಸರಿ. ಕಳೆದುಹೋದದ್ದಕ್ಕೂ ಕಾಣೆಯಾದದ್ದಕ್ಕೂ ಏನು ವ್ಯತ್ಯಾಸ?"

ಕೊಡೆರಾಯರು ನಿಘಂಟನ್ನು ಮುಚ್ಚಿ ಮತ್ತೆ ದಾರ ಕಟ್ಟಿದರು.

ಅಷ್ಟರಲ್ಲಿ ಬಂದವನು ಮೈಕಣ್ಣ. ಬಸ್ಸು ಬಂತು, ಬಸ್ಸು ಹೋಯಿತು ಅಂತ ಧ್ವನಿವರ್ಧಕದಲ್ಲಿ ಕೂಗುವುದು ಅವನ ಕೆಲಸ. ಮನೆಯಲ್ಲಿ ಉಪ್ಪು ಕೇಳಿದರೂ ಎರಡೆರಡು ಸಲ ಕೇಳುವ ಪ್ರಾಣಿ. "ರಾಯರೇ, ದಿನಕ್ಕೆ ಹತ್ತು ಸಾವಿರ ಜನ ಓಡಾಡೋ ಜಾಗ ಇದು. ಒಬ್ಬನಿಗಾದ್ರೂ ಗೊತ್ತಿರಲ್ವಾ? ನನಗೆ ಬಿಡಿ" ಅಂದವನೇ, ಬೇಡ ಅನ್ನುವಷ್ಟರಲ್ಲಿ ಹೋಗಿಯೂ ಬಿಟ್ಟ. ಎರಡು ನಿಮಿಷಕ್ಕೆ ನಿಲ್ದಾಣದ ಹದಿನಾರು ಕಹಳೆಗಳೂ ಒಟ್ಟಿಗೆ ಬಾಯಿಬಿಟ್ಟವು.

"ಪ್ರಯಾಣಿಕರ ಗಮನಕ್ಕೆ! ಪ್ರಯಾಣಿಕರ ಗಮನಕ್ಕೆ! ಲಾಸ್ಟ್ ಮತ್ತು ಮಿಸ್ಸಿಂಗ್, ಈ ಎರಡು ಇಂಗ್ಲಿಷ್ ಪದಗಳ ವ್ಯತ್ಯಾಸ ಬಲ್ಲವರು ಯಾರಾದರೂ ಇದ್ದಲ್ಲಿ ಕೂಡಲೇ ಏಳನೇ ಪ್ಲಾಟ್‌ಫಾರಂ ಹಿಂದಿನ ಕೋಣೆಗೆ ಬರಬೇಕಾಗಿ ವಿನಂತಿ!"

ಅಯ್ಯೋ, ಬಂದ ಜನವೇ! ಇಂಗ್ಲಿಷ್ ಬಲ್ಲವರು ಬಂದರು, ಬಲ್ಲೆ ಅಂದುಕೊಂಡವರು ಅದಕ್ಕಿಂತ ಹೆಚ್ಚು ಬಂದರು. ಏನನ್ನೋ ಪುಕ್ಕಟೆ ಹಂಚುತ್ತಿದ್ದಾರೆ ಅಂತ ಚೀಲ ಹಿಡಿದು ಬಂದವರೂ ಇದ್ದರು. ಲಾಸ್ಟ್, ಮಿಸ್ಸಿಂಗ್ ಬಗ್ಗೆ ಮಾತು ಐದು ನಿಮಿಷ ನಡೆಯಿತು. ಆಮೇಲೆ ಎಲ್ಲರಿಗೂ ತಮ್ಮ ತಮ್ಮ ಜೋಡಿ ನೆನಪಾದವು.

"ಅದು ಬಿಡಿ, ಲೇಟು ಮತ್ತೆ ಡಿಲೇ ಏನು ವ್ಯತ್ಯಾಸ ಹೇಳ್ರೀ ನೋಡೋಣ" ಅಂದ ಒಬ್ಬ ಡ್ರೈವರು. ಉತ್ತರವನ್ನೂ ಅವನೇ ಹೇಳಿದ. "ನಾನು ತಡವಾಗಿ ಬಂದ್ರೆ ಲೇಟು. ಮೇಲ್ವಿಚಾರಕರು ತಡವಾಗಿ ಬಂದ್ರೆ ಡಿಲೇ."

"ಹೌಸ್ ಬೇರೆ, ಹೋಮ್ ಬೇರೆ" ಅಂದ ಅವನ ಕಂಡಕ್ಟರು. "ಬಾಗಿಲು ತಟ್ಟಿ ಒಳಗೆ ಹೋದ್ರೆ ಹೌಸು. ತಟ್ಟದೆ ಹೋದ್ರೆ ಹೋಮು."

"ಮತ್ತೆ ಒಳಗಿಂದ ಚಿಲಕ ಹಾಕ್ಕೊಂಡಿದ್ರೆ?"

"ಆಗ ಯಾವುದೂ ಅಲ್ಲ. ಆಗ ಬಸ್ಸಲ್ಲೇ ಮಲಗೋದು."

ಒಬ್ಬ ದಪ್ಪ ಹೆಂಗಸು ಗಂಡನನ್ನು ತೋಳು ಹಿಡಿದು ಮುಂದೆ ತಂದಳು. "ಹಿಯರ್ ಮತ್ತೆ ಲಿಸನ್, ಇದನ್ನ ಸ್ವಲ್ಪ ಇವರಿಗೆ ಯಾರಾದ್ರೂ ಬಿಡಿಸಿ ಹೇಳಿ. ನಾನು ಹೇಳೋದೆಲ್ಲ ಇವರಿಗೆ ಹಿಯರ್ ಆಗುತ್ತೆ, ಒಂದೂ ಲಿಸನ್ ಆಗೋದಿಲ್ಲ."

"ಏನಂದೆ?" ಅಂದ ಗಂಡ.

ಈ ಗದ್ದಲದ ಮಧ್ಯೆ ನಿವೃತ್ತ ಇಂಗ್ಲಿಷ್ ಮೇಷ್ಟ್ರೊಬ್ಬರು ದಾರಿ ಬಿಡಿಸಿಕೊಂಡು ಬಂದರು. ಬಸ್ಸಿನಲ್ಲಿ ಕೂತಿದ್ದವರು ಕೂಗು ಕೇಳಿ ಇಳಿದು ಬಂದದ್ದಂತೆ. ಎಷ್ಟೋ ವರ್ಷದ ಮೇಲೆ ಒಂದು ತರಗತಿ ಸಿಕ್ಕಿತಲ್ಲ, ಅವರ ಮುಖ ಅರಳಿತ್ತು. ಎಲ್ಲರನ್ನೂ ನೆಲದ ಮೇಲೆ ಕೂರಿಸಿ, ಈ ಪದಗಳು ಎಲ್ಲಿ ಹುಟ್ಟಿದವು, ಎಲ್ಲಿ ಬೆಳೆದವು, ಯಾರ ಬಾಯಲ್ಲಿ ಕೆಟ್ಟವು ಅಂತ ಶುರು ಮಾಡಿದರು. ಕೊಡೆರಾಯರು ಪೆನ್ನು ಹಿಡಿದು ಬರೆದುಕೊಂಡದ್ದೇ ಬರೆದುಕೊಂಡದ್ದು. ಅರ್ಧ ಗಂಟೆಯಾದರೂ ಮೇಷ್ಟ್ರು ಇನ್ನೂ ಹುಟ್ಟಿದ ಕಡೆಯೇ ಇದ್ದರು. ಅಷ್ಟರಲ್ಲಿ ಅವರ ಬಸ್ಸು ಹಾರನ್ ಹೊಡೆದು ಹೊರಟಿತು.

"ಅಯ್ಯಯ್ಯೋ, ನನ್ನ ಪೆಟ್ಟಿಗೆ!"

"ಮೇಷ್ಟ್ರೇ, ಈಗ ನಿಮ್ಮ ಪೆಟ್ಟಿಗೆ ಲಾಸ್ಟೋ ಮಿಸ್ಸಿಂಗೋ?" ಅಂತ ಹಿಂದಿನಿಂದ ಯಾರೋ ಕೂಗಿದರು.

"ಎರಡೂ ಅಲ್ಲ ಕಣಯ್ಯಾ, ಅದು ನಂದು!" ಅನ್ನುತ್ತ ಮೇಷ್ಟ್ರು ಬಸ್ಸಿನ ಹಿಂದೆ ಓಡಿದರು. ತರಗತಿಯೂ ಅವರ ಹಿಂದೆ ಓಡಿತು. ಕೋಣೆಯಲ್ಲಿ ಉಳಿದದ್ದು ಕೊಡೆರಾಯರು, ಮೂರು ಹಾಳೆ ಟಿಪ್ಪಣಿ, ಆ ಗಲಾಟೆಯಲ್ಲಿ ಜನ ಬಿಟ್ಟುಹೋದ ಇನ್ನೂ ನಾಲ್ಕು ಕೊಡೆ.

ಗಂಟೆ ಎರಡೂವರೆ. ಟಿಪ್ಪಣಿ ಓದಿದರೆ ತಲೆಬುಡ ತಿಳಿಯಲಿಲ್ಲ. ಕೊಡೆರಾಯರು ತಲೆ ಮೇಲೆ ಕೈ ಹೊತ್ತು ಕೂತರು. ನೌಕರಿ ಹೋದರೆ ಹೆಂಡತಿಯ ಮುಂದೆ ಹೇಗೆ ನಿಲ್ಲುವುದು? ಅದನ್ನು ಹೇಳುವುದಕ್ಕಾದರೂ ಅರ್ಧ ನಿಮಿಷ ಸಾಲುತ್ತದೆಯೇ? ಅವರಿಗೆ ನಿಜವಾಗಿಯೂ ಅಳು ಬಂತು.

"ಏನಪ್ಪಾ, ಬಂತಾ?"

ಕೌಂಟರಿನಲ್ಲಿ ಒಬ್ಬ ಅಜ್ಜಿ. ಪ್ರತಿ ಮಂಗಳವಾರ ಬರುವವಳು. ಗಂಡನ ಊರುಗೋಲನ್ನು ಬಸ್ಸಿನಲ್ಲಿ ಬಿಟ್ಟು ಒಂದು ವರ್ಷದ ಮೇಲಾಗಿತ್ತು.

"ಇಲ್ಲಮ್ಮ, ಬಂದಿಲ್ಲ. ಅದು ಕಳೆದೇಹೋಯ್ತು ಅಂದ್ಕೊಂಡು ಬಿಟ್ಟುಬಿಡಿ. ಯಾಕೆ ಸುಮ್ಮನೆ ಓಡಾಡ್ತೀರಿ?"

ಅಜ್ಜಿಗೆ ಸಿಟ್ಟು ಬಂತು. "ಕಳೆದುಹೋಯ್ತು ಅಂತ ನೀನ್ಯಾರಪ್ಪ ಹೇಳೋಕೆ? ನಾನು ಇನ್ನೂ ಹುಡುಕ್ತಾ ಇದ್ದೀನಲ್ಲ! ನಾನು ಸಾಕು ಅಂದ ದಿನ ಅದು ಕಳೆದುಹೋಯ್ತು. ಅಲ್ಲೀತನಕ ಅದು ಕಾಣ್ತಿಲ್ಲ, ಅಷ್ಟೇ. ಮುಂದಿನ ವಾರ ಬರ್ತೀನಿ."

ಅಜ್ಜಿ ಹೋದಳು. ಕೊಡೆರಾಯರು ಅವಳ ಮಾತನ್ನೇ ಒಮ್ಮೆ ಮೆಲ್ಲಗೆ ಹೇಳಿಕೊಂಡರು. ಆಮೇಲೆ ಎದ್ದರು, ಮುಖ ತೊಳೆದರು, ತಲೆ ಬಾಚಿದರು, ಎರಡೂ ರಿಜಿಸ್ಟರುಗಳ ಧೂಳು ಒರೆಸಿ ಮೇಜಿನ ಮೇಲೆ ನೆಟ್ಟಗಿಟ್ಟರು.

ಮೂರಕ್ಕೆ ಸರಿಯಾಗಿ ತಪಾಸಣಾಧಿಕಾರಿ ಬಂದರು. ತೆಳ್ಳಗಿನ ಆಳು, ಮೆಲುದನಿ, ಕೈಯಲ್ಲಿ ಪುಟ್ಟ ಚರ್ಮದ ಚೀಲ. ಅವರ ಹಿಂದೆ ಮೇಲ್ವಿಚಾರಕರು, ಸಂಬಂಧವೇ ಇಲ್ಲದವರ ಹಾಗೆ ನಾಲ್ಕು ಹೆಜ್ಜೆ ಬಿಟ್ಟು. ಕೌಂಟರಿನ ಆಚೆ ಟಿಕೆಟ್ಟಕ್ಕ, ಮೈಕಣ್ಣ, ಡ್ರೈವರು, ಕಂಡಕ್ಟರು. ಪೆಟ್ಟಿಗೆ ಸಿಕ್ಕಿ ವಾಪಸ್ಸು ಬಂದ ಮೇಷ್ಟ್ರೂ ಏದುಸಿರು ಬಿಡುತ್ತ ನಿಂತಿದ್ದರು.

"ನನಗೆ ಎರಡೇ ನಿಮಿಷದ ಕೆಲಸ" ಅಂದರು ಅಧಿಕಾರಿ. "ಈ ಎರಡು ಪದಕ್ಕೂ ವ್ಯತ್ಯಾಸ ಏನೂ ಇಲ್ಲ ತಾನೆ?"

ಬಲೆ! ಕೊಡೆರಾಯರು ಮೇಲ್ವಿಚಾರಕರ ಕಡೆ ನೋಡಿದರು. ಮೇಲ್ವಿಚಾರಕರು ಸೂರಿನ ಕಡೆ ನೋಡಿದರು.

"ಇದೆ ಸ್ವಾಮಿ" ಅಂದರು ಕೊಡೆರಾಯರು. "ಭೂಮಿ ಆಕಾಶದ ವ್ಯತ್ಯಾಸ ಇದೆ."

ಅಧಿಕಾರಿಯ ಹುಬ್ಬು ಮೇಲಕ್ಕೇರಿತು. "ಹೌದಾ? ಹೇಳಿ."

"ಒಂದು ಸಾಮಾನನ್ನ ಯಾರಾದ್ರೂ ಇನ್ನೂ ಹುಡುಕ್ತಾ ಇದ್ರೆ ಅದು ಮಿಸ್ಸಿಂಗು. ಹುಡುಕೋರು ಸಾಕು ಅಂತ ಕೈಬಿಟ್ರೆ ಅದು ಲಾಸ್ಟು. ಸಾಮಾನು ಅದೇ ಸ್ವಾಮಿ, ಕಪಾಟೂ ಅದೇ. ವ್ಯತ್ಯಾಸ ಇರೋದು ಆ ಕಡೆ ಇರೋ ಮನುಷ್ಯನಲ್ಲಿ."

 ಅಧಿಕಾರಿ ಕುರ್ಚಿ ಎಳೆದುಕೊಂಡು ಕೂತರು. ಮಿಸ್ಸಿಂಗ್ ರಿಜಿಸ್ಟರು ತೆರೆದರು.

"ಇಲ್ಲಿ ಬರೀ ಕೊಡೆಗಳೇ ಇವೆ. ಕೊಡೆಯನ್ನ ಇನ್ನೂ ಹುಡುಕ್ತಾರೆ ಅಂತ ನಿಮಗೆ ಹೇಗೆ ಗೊತ್ತು?"

 ಆ ದಿನ ಕೊಡೆರಾಯರ ನಾಲಿಗೆಯ ಮೇಲೆ ಯಾರು ಕೂತಿದ್ದರೋ ಏನೋ.

"ಹಿಡಿ ಇದೆಯಲ್ಲ ಸ್ವಾಮಿ! ಹಿಡಿ ಇರೋದನ್ನ ಕೈ ಹಿಡಿದಿರುತ್ತೆ. ತಲೆ ಮರೆತರೂ ಕೈ ಮರೆಯೋದಿಲ್ಲ. ಮನೆಗೆ ಹೋದ ಮೇಲೂ ಕೈ ಖಾಲಿ ಖಾಲಿ ಅನ್ನುತ್ತೆ, ಏನೋ ಇತ್ತಲ್ಲ ಅನ್ನುತ್ತೆ. ಅದು ಹುಡುಕಾಟವೇ ಅಲ್ವಾ?"

ಅಧಿಕಾರಿ ತಮ್ಮ ಚರ್ಮದ ಚೀಲದ ಹಿಡಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. ಆಮೇಲೆ ಲಾಸ್ಟ್ ರಿಜಿಸ್ಟರಿಗೆ ಕೈ ಹಾಕಿದರು.

"ಕನ್ನಡಕ ಲಾಸ್ಟಿನಲ್ಲಿದೆ. ಕನ್ನಡಕವನ್ನ ಯಾರೂ ಹುಡುಕೋದಿಲ್ವಾ?"

"ಕನ್ನಡಕ ಹುಡುಕೋಕೆ ಕನ್ನಡಕ ಬೇಕಲ್ಲ ಸ್ವಾಮಿ. ಕಣ್ಣು ಕಾಣದೋನು ಎಷ್ಟು ದಿನ ತಡಕಾಡ್ತಾನೆ? ಹೊಸದು ಮಾಡಿಸ್ಕೊಳ್ತಾನೆ."

"ಹಲ್ಲಿನ ಸೆಟ್ಟು?"

"ಎಂಟು ಸೆಟ್ಟಿವೆ. ಒಂಬತ್ತು ವರ್ಷದಲ್ಲಿ ಒಬ್ಬರೂ ಬಂದಿಲ್ಲ. ಹಲ್ಲಿಲ್ಲದ ಬಾಯಲ್ಲಿ ಕೌಂಟರಿಗೆ ಬಂದು ಏನಂತ ಕೇಳ್ತಾರೆ? ಕೇಳಿದ್ರೂ ನನಗೆ ಹೇಗೆ ಅರ್ಥವಾಗುತ್ತೆ?"

ಕೌಂಟರಿನ ಆಚೆ ನಗೆ ಸಿಡಿಯಿತು. ಅಧಿಕಾರಿಯ ತುಟಿಯೂ ಅಲುಗಿತು. ಆದರೂ ಬಿಡಲಿಲ್ಲ. ಇನ್ನೊಂದು ಪುಟಕ್ಕೆ ಬೆರಳಿಟ್ಟು, "ಈ ಕೈಚೀಲ ಆರು ವರ್ಷದಿಂದ ಮಿಸ್ಸಿಂಗಿನಲ್ಲೇ ಇದೆ. ಯಾರೂ ಬಂದಿಲ್ಲ. ಇನ್ನೂ ಹುಡುಕ್ತಾ ಇದ್ದಾರೆ ಅಂತೀರಾ?" ಅಂದರು.

"ಹುಡುಕೋರು ಸರಿಯಾದ ಜಾಗದಲ್ಲೇ ಹುಡುಕ್ತಾರೆ ಅಂತ ಯಾವ ನಿಯಮದಲ್ಲೂ ಬರೆದಿಲ್ಲ ಸ್ವಾಮಿ. ಆ ಪುಣ್ಯಾತ್ಮ ರೈಲು ನಿಲ್ದಾಣದಲ್ಲಿ ಕೇಳ್ತಾ ಇರಬಹುದು."

ಇಷ್ಟಕ್ಕೆ ನಿಲ್ಲಿಸಿದ್ದರೆ ಸಾಕಿತ್ತು. ಆದರೆ ಒಂಬತ್ತು ವರ್ಷ ಕೊಡೆಗಳ ಜೊತೆ ಮೌನವಾಗಿ ಕೂತ ಮನುಷ್ಯನಿಗೆ ಕೇಳುವ ಜನ ಸಿಕ್ಕಿಬಿಟ್ಟಿದ್ದರು. ಕೊಡೆರಾಯರು ಎದ್ದು ನಿಂತರು. ಅಜ್ಜಿಯ ಊರುಗೋಲಿನ ಕಥೆ ಹೇಳಿದರು. ಒಂದು ವರ್ಷ, ಐವತ್ತೆರಡು ಮಂಗಳವಾರ, ಒಂದೂ ತಪ್ಪಿಸಿಲ್ಲ ಅಂದರು. ಎರಡು ರಿಜಿಸ್ಟರನ್ನೂ ಒಂದು ಮಾಡಿದರೆ ಹುಡುಕುವವರನ್ನೂ ಕೈಬಿಟ್ಟವರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ ಹಾಗಾಗುತ್ತದೆ, ಆ ಮುದುಕಿಯ ಕಣ್ಣೀರಿಗೆ ನಾವು ಬೆಲೆ ಕೊಡದ ಹಾಗಾಗುತ್ತದೆ ಅಂದರು. ಅಜ್ಜಿ ಅತ್ತೇ ಇರಲಿಲ್ಲ, ಬೈದು ಹೋಗಿದ್ದಳು. ಭಾಷಣದ ಭರದಲ್ಲಿ ಅದನ್ನು ಯಾರು ನೋಡುತ್ತಾರೆ? ಕೊನೆಗೆ ಮೇಜು ಕುಟ್ಟಿ, "ಈ ಎರಡನ್ನೂ ಒಂದೇ ಅನ್ನೋರು ಜೀವನದಲ್ಲಿ ಏನನ್ನೂ ಕಳಕೊಂಡೋರಲ್ಲ ಸ್ವಾಮಿ!" ಅಂದುಬಿಟ್ಟರು.

ಮೊದಲು ಚಪ್ಪಾಳೆ ತಟ್ಟಿದವರು ಮೇಷ್ಟ್ರು. ಆಮೇಲೆ ಎಲ್ಲರೂ. ಮೈಕಣ್ಣ ಓಡಿಹೋಗಿ, "ಪ್ರಯಾಣಿಕರ ಗಮನಕ್ಕೆ! ನಮ್ಮ ಕೊಡೆರಾಯರು ಗೆದ್ದರು! ನಮ್ಮ ಕೊಡೆರಾಯರು ಗೆದ್ದರು!" ಅಂತ ಹದಿನಾರು ಕಹಳೆಗಳಲ್ಲೂ ಸಾರಿದ. ನಾಲ್ಕು ಹೆಜ್ಜೆ ಹಿಂದಿದ್ದ ಮೇಲ್ವಿಚಾರಕರು ಈಗ ಪಕ್ಕಕ್ಕೇ ಬಂದು ಕೊಡೆರಾಯರ ಹೆಗಲ ಮೇಲೆ ಕೈ ಇಟ್ಟು, "ನಾನೇ ತರಬೇತಿ ಕೊಟ್ಟಿದ್ದು ಸಾರ್" ಅಂದರು. ಕೊಡೆರಾಯರು ಆ ಕ್ಷಣದಲ್ಲಿ ಒಂದಡಿ ಎತ್ತರ ಬೆಳೆದಿದ್ದರು ಅಂತ ಟಿಕೆಟ್ಟಕ್ಕ ಇವತ್ತಿಗೂ ಹೇಳುತ್ತಾಳೆ.

ಅಧಿಕಾರಿ ಎದ್ದು ಬಂದು ಅವರ ಎರಡೂ ಕೈ ಹಿಡಿದುಕೊಂಡರು. ಕಣ್ಣು ಒದ್ದೆಯಾಗಿತ್ತು.

"ನಿಮ್ಮ ಹತ್ರ ಮುಚ್ಚಿಡೋದಿಲ್ಲ. ನಾನು ಬಂದದ್ದು ಮಿಸ್ಸಿಂಗ್ ರಿಜಿಸ್ಟರನ್ನ ಮುಚ್ಚೋಕೆ" ಅಂದರು. ಚೀಲದಿಂದ ಒಂದು ಹಾಳೆ ತೆಗೆದರು. "ಆದೇಶ ಟೈಪ್ ಆಗಿದೆ, ಸಹಿಯೂ ಆಗಿದೆ. ನೀವು 'ಇಲ್ಲ ಸ್ವಾಮಿ, ಎರಡೂ ಒಂದೇ' ಅಂದಿದ್ರೆ ಸಾಕಿತ್ತು, ಕೊಟ್ಟು ಹೋಗ್ತಿದ್ದೆ. ಎಂಥಾ ತಪ್ಪಾಗಿಬಿಡ್ತಿತ್ತು ನೋಡಿ!" ಅಂದವರೇ, ಕೊಡೆರಾಯರು ಕೈ ಚಾಚುವುದರೊಳಗೆ, ಆದೇಶವನ್ನು ಪರಪರ ಅಂತ ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದರು.

ಕೊಡೆರಾಯರ ಗಂಟಲಿನಿಂದ ಒಂದು ಸದ್ದು ಹೊರಟಿತು. ಸಂತೋಷಕ್ಕೆ ಅಂತ ಎಲ್ಲರೂ ಅಂದುಕೊಂಡರು.

"ಇದಕ್ಕೆಲ್ಲ ಕಾರಣ ಒಂದು ಅರ್ಜಿ" ಅಂತ ಅಧಿಕಾರಿ ಇನ್ನೊಂದು ಹಾಳೆ ತೆಗೆದರು. "ಯಾರೋ ಒಬ್ಬ ಹೆಂಗಸು ಬರೆದದ್ದು. 'ಈ ಎರಡು ಪದಕ್ಕೂ ವ್ಯತ್ಯಾಸವಿಲ್ಲ ಅಂತ ಅಲ್ಲಿನ ಗುಮಾಸ್ತರೇ ದೇವರಾಣೆ ಮಾಡಿದ್ದಾರೆ, ದಯವಿಟ್ಟು ಒಂದು ಪುಸ್ತಕ ಮುಚ್ಚಿ ದಿನಕ್ಕೆ ಒಂದು ಗಂಟೆ ನನ್ನ ಗಂಡನನ್ನು ನನಗೆ ಕೊಡಿ' ಅಂತ. ಓದಿ ಪಾಪ ಅನ್ನಿಸ್ತು. ಅವರ ಗಂಡ ಯಾರೋ ಏನೋ, ಈ ನಿಲ್ದಾಣದವರೇ ಇರಬೇಕು. ಆದ್ರೆ ಇವತ್ತು ನಿಮ್ಮ ಮಾತು ಕೇಳಿದ ಮೇಲೆ ನನಗೆ ಸಂದೇಹವೇ ಇಲ್ಲ. ಆ ತಾಯಿಗೆ ತಿಳಿವಳಿಕೆ ಸಾಲದು. ಅವರಿಗೆ ಉತ್ತರ ನೀವೇ ಬರೀರಿ. ವ್ಯತ್ಯಾಸ ಬಿಡಿಸಿ ಹೇಳಿ, ಅರ್ಜಿ ತಿರಸ್ಕರಿಸಿದೆ ಅಂತ ತಿಳಿಸಿ. ಈಗಲೇ ಬರೀರಿ, ನಾನು ಮೊಹರು ಒತ್ತಿ ಹೋಗ್ತೀನಿ."

ಕೊಡೆರಾಯರು ಅರ್ಜಿ ಕೈಗೆ ತೆಗೆದುಕೊಂಡರು. ದುಂಡು ದುಂಡು ಅಕ್ಷರ, ಕೊನೆಗೆ ಸ್ವಲ್ಪ ಮೇಲಕ್ಕೆ ಹೋಗುವ ಸಾಲುಗಳು. ಆ ಅಕ್ಷರವನ್ನು ಅವರು ಕತ್ತಲಲ್ಲೂ ಗುರುತಿಸಬಲ್ಲರು. ಇವಳು ಯಾವಾಗ ಬರೆದಳು? ರಾತ್ರಿಯೆಲ್ಲ ರೋಗಿಗಳನ್ನು ನೋಡಿಕೊಂಡು ಬೆಳಿಗ್ಗೆ ನಿದ್ದೆಗೆಟ್ಟು ಬರೆದಿರಬೇಕು. ಅವರಿಗೆ ಎಲ್ಲಾದರೂ ಮರೆಯಾಗಿ ಕೂತು ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಆದರೆ ಹಿಂದೆ ಅಷ್ಟು ಜನ, ಎದುರಿಗೆ ಅಧಿಕಾರಿ, ಹೆಗಲ ಮೇಲೆ ಮೇಲ್ವಿಚಾರಕರ ಕೈ. 'ಮಾನ್ಯರೇ' ಅಂತ ಶುರು ಮಾಡಿ ಬರೆದರು. ಚೆನ್ನಾಗಿಯೇ ಬರೆದರು ಪಾಪ. ಮೇಷ್ಟ್ರು ಓದಿ ಒಂದು ಅಕ್ಷರವನ್ನೂ ತಿದ್ದಲಿಲ್ಲ.

ಅಂದು ಐದಕ್ಕೆ ಕೌಂಟರು ಮುಚ್ಚಿ, ನಾಲ್ಕು ಹೊಸ ಕೊಡೆ ಸೇರಿಸಿ ಎಲ್ಲ ಸಾಮಾನನ್ನೂ ಜೋರಾಗಿ ಓದಿ ತಾಳೆ ನೋಡಿ, ವ್ಯತ್ಯಾಸವನ್ನು ಬಲ್ಲೆನೆಂದು ದೃಢೀಕರಿಸಿ ಸಹಿ ಹಾಕಿದರು. ಒಂಬತ್ತು ವರ್ಷದಲ್ಲಿ ಮೊದಲನೇ ನಿಜವಾದ ಸಹಿ.

ಆರೂವರೆಗೆ ಬಸ್ಸಿಳಿದಾಗ ಹೆಂಡತಿ ಬಿಳಿ ಸಮವಸ್ತ್ರದಲ್ಲಿ ಕಾಯುತ್ತಿದ್ದರು. ಮುಖದಲ್ಲಿ ಎಂದೂ ಇಲ್ಲದ ಲವಲವಿಕೆ.

"ಏನ್ರೀ, ಇವತ್ತು ಯಾರಾದ್ರೂ ಬಂದಿದ್ರಾ ನಿಮ್ಮ ಆಫೀಸಿಗೆ?"

"ಬಂದಿದ್ರು."

"ಏನಾದ್ರೂ ಕೇಳಿದ್ರಾ?"

"ಕೇಳಿದ್ರು. ಚೆನ್ನಾಗಿ ಉತ್ತರ ಹೇಳಿದೆ. ಎಲ್ಲಾರೂ ಚಪ್ಪಾಳೆ ತಟ್ಟಿದ್ರು."

"ಹಾಗಾದ್ರೆ ನಾಳೆಯಿಂದ..."

ಕೊಡೆರಾಯರು ಮೊಹರು ಒತ್ತಿದ ಲಕೋಟೆಯನ್ನು ಜೇಬಿನಿಂದ ತೆಗೆದು ಕೊಟ್ಟರು. ಆಕೆ ಮೆಟ್ಟಿಲ ಮೇಲೆ ನಿಂತೇ ಒಡೆದು ಓದಿದರು. ಕೆಳಗಿನ ಸಹಿ ನೋಡಿದರು. ಮತ್ತೆ ಮೇಲಿನಿಂದ ಓದಿದರು. ಕಂಡಕ್ಟರು ಸೀಟಿ ಬಾಯಿಗಿಟ್ಟುಕೊಂಡ.

"ಚೆನ್ನಾಗಿ ಬರೆದಿದ್ದೀರಿ"  ಅಂದರು ಆಕೆ, ಹಾಳೆಯನ್ನು ಮಡಿಸುತ್ತ. "ಸರಿ ಹಾಗಾದ್ರೆ. ನನ್ನ ಗಂಡನ್ನ ಯಾವ ರಿಜಿಸ್ಟರಲ್ಲಿ ಬರೆದಿದ್ದೀರಿ ನೋಡಿ ಹೇಳಿ. ನಾಳೆ ಬುಧವಾರ, ನನಗೆ ರಜೆ. ಬಂದು ಬಿಡಿಸ್ಕೊಂಡು ಹೋಗ್ತೀನಿ."

ಕಂಡಕ್ಟರು ಸೀಟಿ ಊದಿದ, ಬಸ್ಸು ಹೊರಟಿತು. ಕೊಡೆರಾಯರು ಅದರ ಹಿಂದಿನ ದೀಪ ಮರೆಯಾಗುವವರೆಗೆ ನಿಂತೇ ಇದ್ದರು. ಆಕೆ ತಮಾಷೆಗೆ ಅಂದರೋ ಸಿಟ್ಟಿನಿಂದ ಅಂದರೋ, ಆ ವ್ಯತ್ಯಾಸ ಮಾತ್ರ ಅವರಿಗೆ ಎಷ್ಟು ಯೋಚಿಸಿದರೂ ತಿಳಿಯಲಿಲ್ಲ.